ಮೂರನೆಯವನ ಹಮ್ಮಿಣಿ

ಹೋದ ಮಳೆಗಾಲದಲ್ಲಿ ನನ್ನ ಅಕ್ಕನ ಮಗನಿಗೆ ಮೂರು ದಿನ ಬಿಡದೆ ಜ್ವರ ಕಾದು, ನಾಲ್ಕನೆಯ ದಿನ ಬೆಳಗಿನ ಜಾವ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಬಾಗಿಲಿಗೆ ಹೋದಾಗ, ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ಅವನ ಹೆಸರನ್ನೂ ವಯಸ್ಸನ್ನೂ ಬರೆದುಕೊಂಡು, ತಲೆಯೆತ್ತದೆಯೇ ಕೇಳಿದಳು: “ಇನ್ಶೂರೆನ್ಸ್ ಇದೆಯಾ ಸರ್?” ಇದೆ ಎಂದೆವು. ಆ ಎರಡಕ್ಷರ ಮುಂದಿನ ಮೂರು ದಿನಗಳ ಜಾತಕವನ್ನೇ ಬರೆದುಬಿಟ್ಟಿತೆಂಬುದು ಆಗ ನಮಗೆ ಹೊಳೆಯಲಿಲ್ಲ. ರಕ್ತ ತೆಗೆದು ನೋಡಿದರು. ಪ್ಲೇಟ್‌ಲೆಟ್ಟುಗಳು ಭಯಪಡುವಷ್ಟೇನೂ ಇಳಿದಿರಲಿಲ್ಲ. ಕಿರಿಯ ವೈದ್ಯನೊಬ್ಬ, ಸೌಮ್ಯ ಸ್ವಭಾವದ ಹುಡುಗ, ಕಾಗದಗಳನ್ನು ತಿರುವಿಹಾಕುತ್ತ, “ಕಾರ್ಡು ಇದೆಯಲ್ಲ, ಎರಡು ದಿನ ಅಡ್ಮಿಟ್ ಆಗಿಬಿಡಲಿ, ಎಲ್ಲ ಟೆಸ್ಟೂ ಒಟ್ಟಿಗೇ ಆಗಿಹೋಗ್ತವೆ” ಎಂದ. ನಾನು ಅನುಮಾನಿಸುತ್ತಿರುವುದನ್ನು ಕಂಡು ನನ್ನ ಸೋದರಳಿಯನೇ, “ಇರಲಿ ಮಾವ, ಐದು ವರ್ಷದಿಂದ ಕಂತು ಕಟ್ತಾ ಇದ್ದೀನಿ, ಒಂದು ರೂಪಾಯಿ ವಾಪಸು ಬಂದಿಲ್ಲ” ಎಂದು ನನ್ನ ಬಾಯಿ ಮುಚ್ಚಿಸಿದ.

ಪಕ್ಕದ ಹಾಸಿಗೆಯಲ್ಲಿ ಅದೇ ಜ್ವರದಿಂದ ಬಳಲುತ್ತಿದ್ದ ಕಾರಿನ ಚಾಲಕನೊಬ್ಬನಿದ್ದ. ಅವನಲ್ಲಿ ಕಾರ್ಡು ಇರಲಿಲ್ಲ. ಅವನ ರಕ್ತವನ್ನೂ ನೋಡಿ, ಅದೇ ವೈದ್ಯನು ಅಷ್ಟೇ ಸೌಮ್ಯವಾಗಿ ಎರಡು ಮಾತು ಹೇಳಿ, ಎರಡು ದಿನ ಬಿಟ್ಟು ಬಂದು ತೋರಿಸು ಎಂದು ಕಳುಹಿಸಿಕೊಟ್ಟ. ನಾವು ಲಿಫ್ಟಿನಲ್ಲಿ ನಾಲ್ಕನೆಯ ಮಹಡಿಗೆ ಏರಿದೆವು. ಅವನು ಮೆಟ್ಟಿಲಿಳಿದು ಬಸ್ಸಿಗೆ ಹೋದ.

ಇದರಲ್ಲಿ ಯಾರು ಯಾರಿಗೆ ವಂಚನೆ ಮಾಡಿದರು? ನಾನು ಬಹಳ ಯೋಚಿಸಿದೆ. ವೈದ್ಯನು ಸುಳ್ಳು ಹೇಳಲಿಲ್ಲ. ನಿಗಾ ಇಡುವುದು ಒಳ್ಳೆಯದೆಂದ, ನಿಗಾ ಎಂದಿಗಾದರೂ ಕೆಟ್ಟದಾದೀತೆ? ಸೋದರಳಿಯನಂತೂ ತಾನು ತೆತ್ತ ಹಣದ ಹಕ್ಕನ್ನೇ ಕೇಳಿದ. ಕೌಂಟರಿನ ಹುಡುಗಿ ತನ್ನ ಕೆಲಸ ಮಾಡಿದಳು. ಎಲ್ಲರೂ ಸಜ್ಜನರೇ ಆಗಿದ್ದು, ಎಲ್ಲರೂ ನ್ಯಾಯವಾಗಿಯೇ ನಡೆದುಕೊಂಡು, ಕಡೆಗೆ ಬೇಕಿಲ್ಲದ ಚಿಕಿತ್ಸೆಯೊಂದು ನಡೆದುಹೋಗುವುದು ಹೇಗೆಂಬುದೇ ಈ ವಿಷಯದ ಮರ್ಮ. ವೈದ್ಯರ ಲೋಭವನ್ನು ಬೈದು ಮುಗಿಸುವ ಲೇಖನಗಳು ಈ ಮರ್ಮವನ್ನು ಮುಟ್ಟುವುದಿಲ್ಲವೆಂದು ನನ್ನ ಅಭಿಪ್ರಾಯ.

ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಗೃಹಸ್ಥನನ್ನು ನೋಡಿ. ಹುಳುಕು ಇದೆಯೇ ಎಂದು ತಿರುಗಿಸಿ ನೋಡಿ ಆರಿಸುವವನು ಅವನೇ. ಮನೆಗೊಯ್ದು ಉಣ್ಣುವವನು ಅವನೇ. ಹಮ್ಮಿಣಿಯ ಗಂಟು ಬಿಚ್ಚಿ ಕಾಸು ಎಣಿಸುವವನೂ ಅವನೇ. ಆದುದರಿಂದಲೇ ಸಂತೆಯಲ್ಲಿ ಯಾರೂ ಬೇಕಾದದ್ದಕ್ಕಿಂತ ಹತ್ತುಪಾಲು ಬದನೆಕಾಯಿ ಹೊತ್ತು ಮನೆಗೆ ಬರುವುದಿಲ್ಲ. ವೈದ್ಯಕೀಯದಲ್ಲಾದರೋ ಈ ಒಬ್ಬನು ಮೂವರಾಗಿ ಒಡೆದುಹೋಗಿದ್ದಾನೆ: ಆರಿಸುವವನು ವೈದ್ಯ, ಅನುಭವಿಸುವವನು ರೋಗಿ, ತೆರುವವನು ವಿಮಾ ಸಂಸ್ಥೆ ಅಥವಾ ಸರ್ಕಾರ. ಆರಿಸುವವನಿಗೆ ಆದಾಯವುಂಟು, ಅನುಭವಿಸುವವನಿಗೆ ಜ್ಞಾನವಿಲ್ಲ, ತೆರುವವನು ಸ್ಥಳದಲ್ಲಿಯೇ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಎಂಬಾತನು 1963ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಔಷಧೋಪಚಾರವು ಇತರ ಸರಕುಗಳಂತೆ ಪೇಟೆಯ ನಿಯಮಕ್ಕೆ ಏಕೆ ಒಗ್ಗದೆಂಬುದನ್ನು ವಿವೇಚಿಸಿದನು. ರೋಗವು ಯಾವಾಗ ಬರುವುದೋ ತಿಳಿಯದು. ಬಂದಾಗ ಯಾವ ಮದ್ದು ನಾಟುವುದೋ ತಿಳಿಯದು. ಇವೆರಡೂ ತಿಳಿಯದಿರುವಲ್ಲಿ ರೋಗಿಯು ವೈದ್ಯನ ಮೇಲೆ ಭಾರ ಹಾಕಬೇಕೇ ಹೊರತು ಚೌಕಾಸಿ ಮಾಡಲಾರನು. ವಿಮೆಯಿದ್ದವನು ಔಷಧೋಪಚಾರವನ್ನು ಹೆಚ್ಚಾಗಿ ಬಯಸುವನೆಂಬ ಮಾತೂ ಅಲ್ಲಿ ಬಂದಿದೆ.

ಅನಿಶ್ಚಯ ಎಂಬ ಮಾತು ಪಾಂಡಿತ್ಯದ ಮಾತಾಗಿ ಕಂಡೀತು. ಆದರೆ ಅದರ ನಿಜಸ್ವರೂಪವನ್ನು ನೋಡಬೇಕೆಂದರೆ 1934ರಲ್ಲಿ ಅಮೆರಿಕದ ಮಕ್ಕಳ ಆರೋಗ್ಯ ಸಂಘವು ಪ್ರಕಟಿಸಿದ ಒಂದು ಪರೀಕ್ಷೆಯ ವೃತ್ತಾಂತವನ್ನು ಕೇಳಬೇಕು. ಆ ಕಾಲದಲ್ಲಿ ಗಂಟಲಿನ ಟಾನ್ಸಿಲ್ ತೆಗೆಸುವುದು, ನಮ್ಮಲ್ಲಿ ಮಕ್ಕಳಿಗೆ ಕಿವಿ ಚುಚ್ಚಿಸುವಂತೆ, ಒಂದು ಸಂಸ್ಕಾರವೇ ಆಗಿತ್ತು. ನ್ಯೂಯಾರ್ಕ್ ನಗರದ ಶಾಲೆಗಳಿಂದ ಹನ್ನೊಂದು ವರ್ಷದ 1000 ಮಕ್ಕಳನ್ನು ಆರಿಸಿದರು. ಅವರಲ್ಲಿ 611 ಮಂದಿಗೆ ಟಾನ್ಸಿಲ್ ಅದಾಗಲೇ ತೆಗೆಸಿ ಆಗಿತ್ತು. ಉಳಿದ 389 ಮಂದಿಯನ್ನು ವೈದ್ಯರಿಗೆ ತೋರಿಸಲು, 174 ಮಂದಿಗೆ ತೆಗೆಸಬೇಕೆಂದರು. ಮಿಕ್ಕವರು 215. ಇವರ ಗಂಟಲು ಸರಿಯಾಗಿದೆಯೆಂದು ವೈದ್ಯರೇ ಹೇಳಿದ್ದರಷ್ಟೆ? ಅದೇ 215 ಮಂದಿಯನ್ನು ಬೇರೆ ವೈದ್ಯರಿಗೆ, ಹಿಂದಿನ ಪರೀಕ್ಷೆಯ ಸುದ್ದಿ ತಿಳಿಸದೆ ತೋರಿಸಿದರು. 99 ಮಂದಿಗೆ ಶಸ್ತ್ರಚಿಕಿತ್ಸೆ ಬೇಕೆಂದಾಯಿತು. ಹಾಗೂ ತಪ್ಪಿಸಿಕೊಂಡ 116 ಮಂದಿಯನ್ನು ಮೂರನೆಯ ಸಲ ತೋರಿಸಿದರೆ ಮತ್ತೆ ಹೆಚ್ಚುಕಡಮೆ ಅರ್ಧದಷ್ಟು ಮಂದಿಯ ಹೆಸರು ಪಟ್ಟಿಗೆ ಏರಿತು. ಸಾವಿರದಲ್ಲಿ ಉಳಿದವರು 65 ಮಂದಿ. ಪರೀಕ್ಷೆ ಅಲ್ಲಿಗೆ ನಿಂತದ್ದು ಆ ಮಕ್ಕಳ ಪುಣ್ಯ!

ಈ ವೈದ್ಯರಲ್ಲಿ ಯಾರೂ ಮೋಸಗಾರರಲ್ಲ. ಮುಂದೆ ನಿಂತ ಮಕ್ಕಳಲ್ಲಿ ಸುಮಾರು ಅರ್ಧಕ್ಕೆ ಇದು ಬೇಕಾಗುತ್ತದೆ ಎಂಬ ರೂಢಿ ಅವರ ಕಣ್ಣಿನಲ್ಲಿಯೇ ಕುಳಿತಿತ್ತು. ವೈದ್ಯಶಾಸ್ತ್ರದಲ್ಲಿ ಮುರಿದ ಮೂಳೆಯಂತೆ ಸ್ಪಷ್ಟವಾದ ಸಂಗತಿಗಳು ಕೆಲವು. ಮಾಡಿದರೂ ಆದೀತು, ಬಿಟ್ಟರೂ ಆದೀತು ಎಂಬ ಮಬ್ಬಿನ ಪ್ರದೇಶ ಬಹಳ ವಿಶಾಲವಾದದ್ದು. ಹಣವು ತನ್ನ ಕೆಲಸವನ್ನು ನಡೆಸುವುದು ಈ ಮಬ್ಬಿನಲ್ಲಿ. ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿ ತೂಗುತ್ತಿರುವಾಗ ಒಂದು ತಟ್ಟೆಯ ಮೇಲೆ ನೊಣ ಕುಳಿತರೂ ಸಾಕು.

ಹಾಗಾದರೆ ರೋಗಿಯ ಕೈಯಿಂದಲೇ ಸ್ವಲ್ಪ ಹಣ ಬಿಚ್ಚಿಸಿದರೆ ದುಂದು ನಿಲ್ಲುವುದಲ್ಲವೆ? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳಿದವರು ಬಹುಮಂದಿ. ಪ್ರಯೋಗ ಮಾಡಿ ನೋಡಿದವರು ವಿರಳ. ಅಮೆರಿಕದ ರ‍್ಯಾಂಡ್ ಸಂಸ್ಥೆಯು ಜೋಸೆಫ್ ನ್ಯೂಹೌಸ್ ಎಂಬ ಅರ್ಥಶಾಸ್ತ್ರಜ್ಞನ ನೇತೃತ್ವದಲ್ಲಿ 1974ರಿಂದ 1982ರವರೆಗೆ, ಆರು ಸ್ಥಳಗಳಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಕುಟುಂಬಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಚಿಕಿತ್ಸೆ ಪೂರ್ತಿ ಉಚಿತವೆಂದೂ, ಉಳಿದವರು ಖರ್ಚಿನಲ್ಲಿ ನೂರಕ್ಕೆ 25, 50 ಅಥವಾ 95 ಪಾಲನ್ನು ವರ್ಷಕ್ಕೆ ಇಷ್ಟರವರೆಗೆ ಎಂಬ ಮಿತಿಯೊಳಗೆ ತಾವೇ ತೆರಬೇಕೆಂದೂ ಏರ್ಪಾಡು ಮಾಡಿ, ಮೂರರಿಂದ ಐದು ವರ್ಷ ಕಾಲ ಅವರು ಎಷ್ಟು ಸಲ ವೈದ್ಯರ ಬಳಿಗೆ ಹೋದರು, ಎಷ್ಟು ಖರ್ಚಾಯಿತು, ಆರೋಗ್ಯ ಹೇಗಾಯಿತು ಎಂಬುದನ್ನು ಎಣಿಸುತ್ತ ಹೋಯಿತು. ನೂರಕ್ಕೆ 95 ಪಾಲು ತಾವೇ ತೆರಬೇಕಾದವರ ಖರ್ಚು, ಉಚಿತದವರ ಖರ್ಚಿಗಿಂತ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಕಡಿಮೆಯಾಯಿತು. ಸರಾಸರಿಯಲ್ಲಿ ಅವರ ಆರೋಗ್ಯವೇನೂ ಕೆಡಲಿಲ್ಲ.

ಇಷ್ಟನ್ನು ಮಾತ್ರ ಓದಿ ಪುಸ್ತಕ ಮುಚ್ಚಿದವರು ಬಹಳ. ಉಳಿದ ಪುಟಗಳಲ್ಲಿ ಬೇರೆಯೇ ಕತೆಯಿದೆ. ಕೈಯಿಂದ ಹಣ ತೆರಬೇಕಾದವರು ಬೇಡದ ಚಿಕಿತ್ಸೆಯನ್ನು ಎಷ್ಟು ಬಿಟ್ಟರೋ ಬೇಕಾದ ಚಿಕಿತ್ಸೆಯನ್ನೂ ಅಷ್ಟೇ ಬಿಟ್ಟರು. ಆಸ್ಪತ್ರೆಗೆ ಸೇರಿದವರ ಕಡತಗಳನ್ನು ವೈದ್ಯರು ಪರಿಶೀಲಿಸಿದಾಗ ನೂರಕ್ಕೆ 23 ದಾಖಲಾತಿಗಳು ಅನುಚಿತವೆಂದು ಕಂಡುಬಂದವು. ಉಚಿತದವರಲ್ಲಾಗಲಿ ತೆರುವವರಲ್ಲಾಗಲಿ ಆ ಪ್ರಮಾಣ ಹೆಚ್ಚು ಬದಲಾಗಲಿಲ್ಲ. ಬಡವರಾಗಿದ್ದು ರಕ್ತದೊತ್ತಡವೂ ಇದ್ದವರಿಗೆ ಉಚಿತ ಚಿಕಿತ್ಸೆಯಿಂದ ನಿಜವಾದ ಲಾಭವಾಯಿತು. ಸ್ವಾಭಾವಿಕವೇ. ಎದೆಯಲ್ಲಿ ಉರಿ ಬಂದವನು ಅದು ಹಿಂದಿನ ರಾತ್ರಿಯ ಬೋಂಡದ ಉರಿಯೋ ಹೃದಯದ ಉರಿಯೋ ಎಂದು ತಾನೇ ನಿಶ್ಚಯಿಸಬಲ್ಲವನಾಗಿದ್ದರೆ ವೈದ್ಯನ ಬಳಿಗೆ ಏಕೆ ಹೋಗುತ್ತಿದ್ದನು? ಬೆಲೆಯು ಬಾಗಿಲಲ್ಲಿ ನಿಂತ ಕುರುಡು ಕಾವಲುಗಾರ. ಕಳ್ಳನನ್ನೂ ನೆಂಟನನ್ನೂ ಒಂದೇ ಸಮನಾಗಿ ಹಿಂದಕ್ಕೆ ಅಟ್ಟುತ್ತಾನೆ.

ಆ ಕಾವಲುಗಾರನನ್ನೇ ಬಾಗಿಲಿನಿಂದ ತೆಗೆದುಬಿಟ್ಟ ಬ್ರಿಟನ್ನಿನಲ್ಲಿ, 1948ರ ಜುಲೈ ತಿಂಗಳಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದೊಡನೆ ಕನ್ನಡಕಕ್ಕೂ ಕಟ್ಟುಹಲ್ಲಿಗೂ ಜನ ಮುಗಿಬಿದ್ದರು. ಉಚಿತವೆಂದರೆ ಹೀಗೇ ಎಂದು ನಕ್ಕವರುಂಟು. ಮೂರೇ ವರ್ಷದಲ್ಲಿ, 1951ರಲ್ಲಿ, ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ವಿಧಿಸುವುದೆಂದಾಗ ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಪದವಿಗೇ ರಾಜೀನಾಮೆಯಿತ್ತನು. ಹಲ್ಲಿಲ್ಲದೆ ಹತ್ತು ವರ್ಷ ಗಂಜಿ ಕುಡಿದ ಮುದುಕಿ ಒಂದು ದಿನ ಹಲ್ಲು ಕಟ್ಟಿಸಿಕೊಂಡರೆ ಅದು ದುರುಪಯೋಗವಲ್ಲ, ಹಳೆಯ ಬಾಕಿ.

ರೋಗಿಯ ಹಮ್ಮಿಣಿಯಿಂದ ವಿವೇಚನೆ ಹುಟ್ಟದೆಂದ ಮೇಲೆ, ನೋಡಬೇಕಾದದ್ದು ವೈದ್ಯನಿಗೂ ಆಸ್ಪತ್ರೆಗೂ ಕೂಲಿ ಯಾವ ಲೆಕ್ಕದಲ್ಲಿ ಸಲ್ಲುತ್ತದೆಂಬುದನ್ನು. ಇದನ್ನು ತಿಳಿಯಲು ಅರ್ಥಶಾಸ್ತ್ರದ ಪಾರಿಭಾಷಿಕಗಳು ಬೇಡ; ನಮ್ಮ ಹಳ್ಳಿಯ ಕಣದಲ್ಲಿಯೇ ಎಲ್ಲವೂ ಇದೆ. ಹಿಂದೆ ಊರಿನ ಕಮ್ಮಾರನಿಗೂ ಬಡಗಿಗೂ ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಸಲ್ಲುತ್ತಿತ್ತು. ವರ್ಷದಲ್ಲಿ ನೇಗಿಲ ಕುಳ ಎಷ್ಟು ಸಲ ಮೊಂಡಾದರೂ ಅಷ್ಟೇ ಆಯ. ಆದುದರಿಂದ ಕುಳ ಗಟ್ಟಿಯಾಗಿ ಬಾಳಬೇಕೆಂಬುದು ರೈತನ ಆಸೆಯಂತೆಯೇ ಕಮ್ಮಾರನ ಆಸೆಯೂ ಆಗಿತ್ತು. ಬ್ರಿಟನ್ನಿನಲ್ಲಿ 1911ರ ವಿಮಾ ಕಾಯಿದೆಯ ಕಾಲದಿಂದ ಬಡಾವಣೆಯ ವೈದ್ಯನಿಗೆ, ಅವನ ಪಟ್ಟಿಯಲ್ಲಿರುವ ತಲೆಯೊಂದಕ್ಕೆ ವರ್ಷಕ್ಕೆ ಇಷ್ಟು ಎಂದು ಕೊಡುತ್ತ ಬಂದ ಪದ್ಧತಿಯು ಇದೇ ಆಯದ ಪದ್ಧತಿ. ಇದರ ದೋಷವೂ ಹಳ್ಳಿಯವರಿಗೆ ಗೊತ್ತು: “ನಾಳೆ ಬಾರಪ್ಪ” ಎಂದು ಕಮ್ಮಾರನು ಕುಲುಮೆಯ ಮುಂದೆ ಬೀಡಿ ಹಚ್ಚಿ ಕೂರಬಹುದು. ಇದಕ್ಕೆ ವಿರುದ್ಧವಾದುದು ಎಣಿಕೆಯ ಕೂಲಿ: ಕೊಯ್ದ ಹೊರೆಗಿಷ್ಟು, ಕಿತ್ತ ಕಾಯಿಗಿಷ್ಟು. ಪರೀಕ್ಷೆಗಿಷ್ಟು, ಭೇಟಿಗಿಷ್ಟು, ಸೂಜಿಗಿಷ್ಟು ಎಂಬ ನಮ್ಮ ಖಾಸಗಿ ವೈದ್ಯಕೀಯದ ಪದ್ಧತಿ ಇದು. ಎಣಿಕೆಗೆ ಕೂಲಿಯಿರುವಲ್ಲಿ ಎಣಿಕೆ ಬೆಳೆಯುವುದು ಸೃಷ್ಟಿನಿಯಮ. ಇವೆರಡರ ನಡುವೆ ಗುತ್ತಿಗೆ: ಈ ಕಾಯಿಲೆಗೆ ಮೊತ್ತ ಇಷ್ಟು, ಒಳಗೆ ನೀನು ಏನಾದರೂ ಮಾಡಿಕೊ. ಅಮೆರಿಕದ ಸರ್ಕಾರವು ಮುದುಕರ ಆಸ್ಪತ್ರೆಯ ಖರ್ಚನ್ನು 1983ರಿಂದ ಹೀಗೆ ಗುತ್ತಿಗೆಯ ಲೆಕ್ಕದಲ್ಲಿ ಕೊಡತೊಡಗಿದಾಗ, ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಬೇಗನೆ ಕಡಿಮೆಯಾದುವು. ಕೆಲವರು ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮನೆಗೆ ಹೋದರೆಂಬ ಆಕ್ಷೇಪವೂ ಎದ್ದಿತು. ಗುತ್ತಿಗೆಯವನು ಗೋಡೆಯ ಸಿಮೆಂಟು ಉಳಿಸಿದ ಹಾಗೆ.

ನಮ್ಮ ದೇಶಕ್ಕೆ ಬರೋಣ. ಮೆಡಿಕ್ಲೇಮ್ ಎಂಬ ಹೆಸರು ನಮ್ಮಲ್ಲಿ ಕಾಲಿಟ್ಟದ್ದು 1986ರಲ್ಲಿ. ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದರೆ ಮಾತ್ರ ಹಣ ಎಂಬ ನಿಯಮ, ಡಯಾಲಿಸಿಸ್, ಕಣ್ಣಿನ ಪೊರೆ ಮುಂತಾದವನ್ನು ಬಿಟ್ಟರೆ, ಅಂದಿನಿಂದ ಬಹುಮಟ್ಟಿಗೆ ನಡೆದುಕೊಂಡು ಬಂದಿದೆ. ದುರುಪಯೋಗವನ್ನು ತಡೆಯಲೆಂದು ಮಾಡಿದ ಈ ನಿಯಮದ ಫಲವೇನೆಂದರೆ, ಮನೆಯಲ್ಲಿ ಮಲಗಿ ಗುಣವಾಗಬಹುದಾದ ರೋಗಿಯು 24 ಗಂಟೆಗಳ ಗಡಿಯನ್ನು ದಾಟಲೆಂದೇ ಆಸ್ಪತ್ರೆಯ ಹಾಸಿಗೆಯಲ್ಲಿ ಗ್ಲೂಕೋಸ್ ಏರಿಸಿಕೊಂಡು ಮಲಗುತ್ತಾನೆ. ಐನೂರು ರೂಪಾಯಿಯ ಪರೀಕ್ಷೆಗೆ ಹಣ ಕೊಡದ ವಿಮೆಯು, ಚಿಕಿತ್ಸೆಯ ಹೆಸರಿನಲ್ಲಿ ಮಲಗಿ ಅದನ್ನೇ ಮಾಡಿಸಿಕೊಂಡವನಿಗೆ ಮೂವತ್ತು ಸಾವಿರ ಕೊಡುತ್ತದೆ. ಇನ್ನು ಕೋಣೆಯ ವಿಚಾರ ಕೇಳಿ. ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯ ವಾರ್ಡಿನವನಿಗೊಂದು ದರ, ಒಂಟಿ ಕೋಣೆಯವನಿಗೊಂದು ದರ. ಬಾಡಿಗೆಯೊಂದೇ ಅಲ್ಲ, ಅದೇ ಶಸ್ತ್ರವೈದ್ಯನ ಅದೇ ಕತ್ತರಿಯ ಕೂಲಿಯೂ ಕೋಣೆಯನ್ನು ನೋಡಿ ಏರುತ್ತದೆ. ಟಿ.ವಿ. ಇರುವ ಕೋಣೆಯಲ್ಲಿ ಮಲಗಿದವನ ಕರುಳುಬಾಲ ಹೆಚ್ಚು ತೂಕದ್ದೋ ಏನೋ! ವಿಮೆಯಿದ್ದವನು, ಹೇಗೂ ಕೊಡುವವರು ಅವರಲ್ಲವೆ ಎಂದು ಒಂಟಿ ಕೋಣೆ ಹಿಡಿಯುತ್ತಾನೆ. ವಿಮಾ ಸಂಸ್ಥೆಯು ಕೋಣೆಯ ಬಾಡಿಗೆ ಮಿತಿ ಮೀರಿತೆಂದು ಬಿಲ್ಲಿನ ಇತರ ಹಲವು ಬಾಬುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸಿದಾಗ ಕೌಂಟರಿನ ಮುಂದೆ ನಿಂತು ಕಣ್ಣು ಬಿಡುತ್ತಾನೆ.

ಇವೆಲ್ಲ ಉಳ್ಳವರ ಪೇಚಾಟಗಳು. ಬಡವರಿಗಾದದ್ದು ಇಷ್ಟು ಹಗುರವಲ್ಲ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 30,000 ರೂಪಾಯಿಯ ವಿಮೆ ಕೊಡುವ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು 2008ರಲ್ಲಿ ಜಾರಿಗೆ ಬಂದಿತು. ಉದ್ದೇಶ ಉದಾತ್ತವಾದುದು. ಆದರೆ ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ, ಶಸ್ತ್ರಚಿಕಿತ್ಸೆಗೆ ಇಷ್ಟೆಂಬ ನಿಗದಿಯಾದ ಗುತ್ತಿಗೆ, ಹೊಟ್ಟೆನೋವಿಗೂ ಬಿಳಿಸೆರಗಿಗೂ ಮಾತ್ರೆ ಬರೆದುಕೊಡುವವನಿಗೆ ಏನೂ ಇಲ್ಲ. ಇಷ್ಟು ಸಾಕಾಯಿತು. ಬಿಹಾರದ ಸಮಸ್ತಿಪುರ ಮೊದಲಾದ ಕಡೆಗಳಲ್ಲಿಯೂ ಛತ್ತೀಸಗಢದಲ್ಲಿಯೂ, ಮಾತ್ರೆಯಿಂದ ವಾಸಿಯಾಗಬಹುದಾದ ತೊಂದರೆಗೆ ಹೆಂಗಸರ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು 2012ರ ಸುಮಾರಿಗೆ ಹೊರಬಿದ್ದುವು. ಮಕ್ಕಳಾಗಿವೆ, ಇನ್ನು ಇದರಿಂದ ಪ್ರಯೋಜನವೇನು, ಬಿಟ್ಟರೆ ಕ್ಯಾನ್ಸರ್ ಆದೀತು—ಈ ಒಂದು ಮಾತು ಸಾಕು, ಕಾರ್ಡು ಕೈಯಲ್ಲಿರುವ ಹೆಂಗಸು ಒಪ್ಪಿಬಿಡುತ್ತಾಳೆ. ನಮ್ಮ ಕಲಬುರಗಿ ಸೀಮೆಯ ತಾಂಡಾಗಳ ಹೆಂಗಸರಿಂದಲೂ ಇಂಥ ದೂರು ಕೇಳಿಬಂದದ್ದನ್ನು ಪತ್ರಿಕೆಗಳನ್ನು ಓದುವವರು ಬಲ್ಲರು. ಅಲ್ಲಿ ಹಲವರು ಸಾಲ ಮಾಡಿ ತಮ್ಮ ಕೈಯಿಂದಲೇ ಹಣ ತೆತ್ತಿದ್ದರಾಗಿ, ಎಲ್ಲವನ್ನೂ ವಿಮೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಈ ವಿಷಯವಾಗಿ 2013ರಲ್ಲಿ ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ ತೀರ್ಪಿತ್ತು, ಕೇಂದ್ರ ಸರ್ಕಾರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗಾಗಿ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಹತ್ತು ವರ್ಷ!

ಹೆರಿಗೆಯ ಲೆಕ್ಕವು ಇನ್ನೂ ಸ್ಪಷ್ಟ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 14.3 ಸಿಸೇರಿಯನ್ ಆದರೆ, ಖಾಸಗಿಯಲ್ಲಿ 47.4. ತೊಡಕಿನ ಹೆರಿಗೆಗಳು ಅನೇಕ ವೇಳೆ ದೊಡ್ಡ ಸರ್ಕಾರಿ ಆಸ್ಪತ್ರೆಗೇ ಬಂದು ಸೇರುತ್ತವಾದ್ದರಿಂದ, ಈ ಅಂತರವನ್ನು ಬರಿಯ ಬಸುರಿಯರ ಮೈಕಟ್ಟಿನ ಮೇಲೆ ಹಾಕಲಾಗದು. ಸಹಜ ಹೆರಿಗೆಗೆ ರಾತ್ರಿಯೆಲ್ಲ ಕಾಯಬೇಕು, ಶುಲ್ಕ ಕಡಿಮೆ. ಸಿಸೇರಿಯನ್ನಿಗೆ ಒಂದು ಗಂಟೆ ಸಾಕು, ಶುಲ್ಕ ಹೆಚ್ಚು. ಅದರ ಮೇಲೆ ಒಳ್ಳೆಯ ಮುಹೂರ್ತವನ್ನು ಚೀಟಿಯಲ್ಲಿ ಬರೆಸಿಕೊಂಡು ಬರುವ ನಮ್ಮ ಬೀಗರೂ ಇದ್ದಾರೆ. ವೈದ್ಯನ ಪಾಲಿಗೆ ಇನ್ನೊಂದು ಅಂಜಿಕೆಯೂ ಉಂಟು: ವೈದ್ಯಕೀಯವು ಗ್ರಾಹಕ ಸಂರಕ್ಷಣಾ ಕಾಯಿದೆಯೊಳಗೆ ಬರುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಮಾನಿಸಿದ ಮೇಲೆ, ಕಾದು ಕೆಟ್ಟರೆ ಮೊಕದ್ದಮೆಯಾದೀತು, ಕೊಯ್ದು ಕೆಟ್ಟರೆ ಯಾರೂ ಏನೂ ಅನ್ನರು ಎಂಬ ಎಣಿಕೆ ಅವನ ಮನಸ್ಸಿನಲ್ಲಿದ್ದರೆ ಆಶ್ಚರ್ಯವಿಲ್ಲ.

ಬೆಲೆಯನ್ನೇ ಹಿಡಿದು ಕಟ್ಟಬಾರದೆ? ಅದನ್ನೂ ಮಾಡಿ ನೋಡಿದ್ದೇವೆ. ಹೃದಯದ ನಾಳದಲ್ಲಿ ಕೂರಿಸುವ ಸ್ಟೆಂಟಿನ ಬೆಲೆಯನ್ನು ಔಷಧ ದರ ಪ್ರಾಧಿಕಾರವು 2017ರ ಫೆಬ್ರುವರಿಯಲ್ಲಿ, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿ ಎಂದು ಕಟ್ಟಿ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ನಮೂದಿಸಬೇಕೆಂದು ವಿಧಿಸಿತು. ಲಕ್ಷದ ಮೇಲಿದ್ದದ್ದು ಒಂದೇ ದಿನದಲ್ಲಿ ಕಾಲುಭಾಗಕ್ಕೆ ಇಳಿಯಿತೆಂದರೆ ನಡುವೆ ಇದ್ದ ಹಣ ಎಲ್ಲೆಲ್ಲಿ ಹಂಚಿಹೋಗುತ್ತಿತ್ತೆಂದು ಊಹಿಸಬಹುದು. ಮರುವರ್ಷ ಅದೇ ಪ್ರಾಧಿಕಾರವು ದೆಹಲಿಯ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿ, ಸಿರಿಂಜಿನಂಥ ಸಣ್ಣ ಸಾಮಾನುಗಳ ಮೇಲೂ ಸೇರಿ ನೂರಕ್ಕೆ 1,737ರವರೆಗೂ ಲಾಭ ಸೇರಿಸಿದ್ದುದನ್ನು ಹೊರಗೆಡಹಿತು. ಆದರೆ ಸ್ಟೆಂಟಿನ ಬೆಲೆ ಇಳಿಯಿತೆಂದ ಮಾತ್ರಕ್ಕೆ, ಸ್ಟೆಂಟು ಬೇಕೋ ಬೇಡವೋ ಎಂಬುದನ್ನು ಹೇಳುವವರು ಬದಲಾಗಲಿಲ್ಲ. ಕೂರಿಸುವ ಕೂಲಿಗೆ ಆ ಆಜ್ಞೆ ಅನ್ವಯಿಸುವುದೂ ಇಲ್ಲ.

ಈ ದೃಷ್ಟಿಯಿಂದ ನನಗೆ ಕುತೂಹಲಕರವಾಗಿ ಕಾಣುವುದು ನಮ್ಮ ರಾಜ್ಯದ ಅನುಭವ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು, ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳ ಪಟ್ಟಿಯೊಂದನ್ನು ಹಿಡಿದು, ಪ್ರತಿಯೊಂದಕ್ಕೂ ದರವನ್ನು ಮೊದಲೇ ಗೊತ್ತುಮಾಡಿ, ಮುಂಗಡ ಅನುಮತಿ ಪಡೆದೇ ಮಾಡಬೇಕೆಂದಿತು. 2018ರ ಆರೋಗ್ಯ ಕರ್ನಾಟಕ ಯೋಜನೆಯಾದರೋ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತುರ್ತು ಪ್ರಸಂಗಗಳನ್ನು ಬಿಟ್ಟು, ಸರ್ಕಾರಿ ಆಸ್ಪತ್ರೆಯ ವೈದ್ಯನು ಇದು ನಮ್ಮಲ್ಲಿ ಆಗದು ಎಂದು ಶಿಫಾರಸು ಪತ್ರ ಕೊಟ್ಟ ಮೇಲೆಯೇ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂಬ ಕಟ್ಟಳೆ ಮಾಡಿತು. ಆ ಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಯ ಜಗಲಿಯಲ್ಲಿ ಬೆಳಗಿನಿಂದ ಕಾದವರ ಶಾಪವನ್ನು ನಾನೂ ಕೇಳಿದ್ದೇನೆ, ಶಾಪ ನ್ಯಾಯವಾದುದೇ. ಆದಾಗ್ಯೂ, ಕೊಯ್ದರೆ ತನಗೇನೂ ಬರದ, ಕೊಯ್ಯದಿದ್ದರೆ ತನಗೇನೂ ಹೋಗದ ಸಂಬಳದ ವೈದ್ಯನೊಬ್ಬನು ಒಮ್ಮೆ ರೋಗಿಯ ಹೊಟ್ಟೆಯನ್ನು ಮುಟ್ಟಿ ನೋಡಲಿ ಎಂಬ ಯೋಚನೆಯಲ್ಲಿ ವಿವೇಕವುಂಟು. ಕುರುಡು ಕಾವಲುಗಾರನ ಜಾಗದಲ್ಲಿ ಕಣ್ಣಿರುವವನನ್ನು ನಿಲ್ಲಿಸಿದಂತಾಯಿತು. ಅವನು ಆ ಹೊತ್ತಿಗೆ ಕುರ್ಚಿಯಲ್ಲಿರಬೇಕು, ಅಷ್ಟೆ.

ಸೋದರಳಿಯನ ವಿಚಾರ ಅರ್ಧಕ್ಕೆ ನಿಂತಿತು. ಮೂರನೆಯ ದಿನ ಜ್ವರ ಬಿಟ್ಟಿತು. ವಿಮಾ ಸಂಸ್ಥೆಯ ಒಪ್ಪಿಗೆ ಬರಲೆಂದು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಗುಣವಾದ ಮನುಷ್ಯನನ್ನು ಹಾಸಿಗೆಯಲ್ಲಿಯೇ ಕೂರಿಸಿಕೊಂಡು ಕಾದೆವು. ಬಿಲ್ಲು ನಲವತ್ತಾರು ಸಾವಿರವನ್ನು ದಾಟಿತ್ತು. ನಾವು ಕೈಯಿಂದ ಕೊಟ್ಟದ್ದು ಕೈಗವಸು ಮುಂತಾದ ವಿಮೆಗೆ ಸೇರದ ಸಾಮಾನುಗಳ ಸಾವಿರದ ಚಿಲ್ಲರೆ. ಕೆಳಗಿಳಿದು ಬರುವಾಗ, ತೋರಿಸಲು ಬಂದಿದ್ದ ಆ ಕಾರಿನ ಚಾಲಕನು ಹೊರರೋಗಿಗಳ ಬೆಂಚಿನಲ್ಲಿ ಸಿಕ್ಕಿದ. ಅವನಿಗೂ ಜ್ವರ ಬಿಟ್ಟಿತ್ತು, ಮುಖದಲ್ಲಿ ನಮ್ಮ ಹುಡುಗನಿಗಿಂತ ಕಳೆ ಹೆಚ್ಚಾಗಿಯೇ ಇತ್ತು. ಅಂದು ಡಾಕ್ಟರು ಏನು ಹೇಳಿದರಪ್ಪ ಎಂದು ಕೇಳಿದೆ. “ನೀರು ಜಾಸ್ತಿ ಕುಡಿ, ಜ್ವರ ಬಂದ್ರೆ ಡೋಲೋ ತಗೋ, ರೆಸ್ಟ್ ಮಾಡು ಅಂದ್ರು ಸ್ವಾಮಿ” ಎಂದ. ಮನೆಗೆ ಬಂದು ಸೋದರಳಿಯನ ಡಿಸ್ಚಾರ್ಜ್ ಕಾಗದಗಳನ್ನು ಬಿಡಿಸಿದೆ. ಎಂಟು ಪುಟಗಳಿದ್ದುವು. ಎಂಟನೆಯ ಪುಟದ ಕೊನೆಯಲ್ಲಿ, ಮನೆಯಲ್ಲಿ ಪಾಲಿಸತಕ್ಕ ಸೂಚನೆಗಳು ಎಂಬ ತಲೆಬರಹದ ಕೆಳಗೆ, ಅವೇ ಮೂರು ಸಾಲುಗಳಿದ್ದುವು.